ತಪ್ಪಲೆಯಲ್ಲಿ ಉಳಿದ ಅನ್ನ

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿಗೆ ಕಾಯುತ್ತಿದ್ದ ಸುಪ್ರೀತಾಳ ಪಕ್ಕದಲ್ಲಿ, ಡಾಕ್ಟರ ಹತ್ತಿರ ಹೋಗಿ ಬಂದ ಇಬ್ಬರು ಹೆಂಗಸರು ಉಸ್ಸೆಂದು ಕೂತರು. ಹಿರಿಯವಳು ಮಂಡಿ ನೀವಿಕೊಂಡಳು.

“ತೂಕ ಮತ್ತೆ ಏರಿದೆ ಮಾರಾಯ್ತಿ. ಇಳಿಸದಿದ್ರೆ ಮಂಡಿ ಆಪರೇಷನ್ನೇ ಅಂತೆ.”

“ನಿಮಗೇ ಅಂತ ಡಾಕ್ಟರು ಎಲ್ಲಾ ಕೇಳಿ ಪಥ್ಯ ಹೇಳಿದ್ರಲ್ಲ ಗಂಗಕ್ಕ, ಮಾಡ್ಲಿಲ್ವಾ?”

“ಒಂದು ದಿನವೂ ಬಿಟ್ಟಿಲ್ಲ. ಸಂಜೆ ಏಳಕ್ಕೆ ಒಂದು ಚಪಾತಿ, ಪಲ್ಯ. ಅಷ್ಟೇ.”

“ಆಮೇಲೆ ಎಂತದೂ ಇಲ್ವಾ?”

“ಇಲ್ಲ. ಎಲ್ಲರಿಗೂ ಬಡಿಸಿ ಆದ್ಮೇಲೆ ತಪ್ಪಲೆಯಲ್ಲಿ ಉಳಿದ ಅನ್ನ ಮಾತ್ರ. ಅದನ್ನ ಚೆಲ್ಲಕ್ಕಾಗುತ್ತಾ?”

“ಡಾಕ್ಟರಿಗೆ ಹೇಳಿದ್ರಾ?”

“ಊಟಕ್ಕೆ ಎಂತ ಅಂತ ಕೇಳಿದ್ರು. ಉಳಿದಿದ್ದನ್ನ ಯಾರು ಕೇಳ್ತಾರೆ?”

“ಅಕ್ಕಿ ಕಮ್ಮಿ ಹಾಕಿ.”

“ಹಾಕಿದೆ. ಕೊನೆಗೆ ಊಟಕ್ಕೆ ಕೂರೋಳಿಗೆ ಏನೂ ಉಳಿಯಲ್ಲ ಅಂತ ಅತ್ತೆ ತಮ್ಮ ಪಾಲಲ್ಲೇ ಅರ್ಧ ಉಳಿಸಕ್ಕೆ ಶುರು ಮಾಡಿದ್ರು.”

“ನಂದು ಊಟ ಆಗಲೇ ಆಯ್ತು ಅಂತ ಅನ್ನಿ.”

“ಅಂದೆ. ಚಪಾತಿ ಔಷಧಿಗಾಯ್ತು, ಈಗ ಊಟ ಮಾಡು ಅಂತಾರೆ. ಉಂಡು ಏಳೋವರೆಗೂ ಎದುರಿಗೇ ಕೂತಿರ್ತಾರೆ.”

ಎನ್.ಆರ್.ಪುರದ ಬಸ್ಸು ಬಂತು. ಗಂಗಕ್ಕ ಕಂಬ ಹಿಡಿದು ಎದ್ದಳು.

“ಪಥ್ಯ ಸುಳ್ಳಾಗ್ಲಿಲ್ಲ ಮಾರಾಯ್ತಿ,” ಅಂದಳು. “ಸಣ್ಣ ಆಗ್ತಿರೋದು ಅತ್ತೆ.”