ಮೊಟ್ಟೆ ಸಿಗದ ನಟಿ

ಶುಕ್ರವಾರ ಸಂಜೆ ಇಂಗ್ಲೆಂಡಿನ ಬೋಲ್ಟನ್ ಊರಿನ ಕರಿದ ಮೀನಿನ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಅಜ್ಜಿಯರಿದ್ದರು: ಟಿವಿ ನಟಿ ಲೋರ್ನಾಳ ತಾಯಿ ಬೆರಿಲ್, ಅವಳ ಗೆಳತಿ ಐವಿ.

“ನಿನ್ನೆ ಮಾರ್ಕೆಟ್ಟಲ್ಲಿ ಲೋರ್ನಾಗೆ ಮೊಟ್ಟೆ ಕೊಡಲ್ಲ ಅಂದ್ಬಿಟ್ಳಂತೆ ಅಂಗಡಿಯವಳು,” ಅಂದಳು ಬೆರಿಲ್.

“ಯಾಕಂತೆ?”

“ಧಾರಾವಾಹೀಲಿ ಅತ್ತೇನ ಮನೆಯಿಂದ ಆಚೆ ಹಾಕಿದ್ಳಲ್ಲ. ಮೊದಲು ಆ ಮುದುಕೀನ ಒಳಗೆ ಕರ್ಕೊ, ಆಮೇಲೆ ಮೊಟ್ಟೆ ಅಂದ್ಳಂತೆ.”

“ಪಾಪ, ಅತ್ಳಾ?”

“ಅಳೋದಾ? ನಗ್ತಾ ಬಂದು ನನ್ನ ತಬ್ಕೊಂಡ್ಳು. ಇಷ್ಟು ವರ್ಷ ಟಿವೀಲಿ ನರ್ಸ್ ಆದ್ಳು, ಹೆಣಾನೂ ಆದ್ಳು, ಒಬ್ರೂ ಗುರುತು ಹಿಡೀಲಿಲ್ಲ. ಜನ ಬೈದ್ರೆ ಪಾತ್ರ ಇರತ್ತೆ, ಇಲ್ದಿದ್ರೆ ಬೇಸಿಗೆಗೆ ಸಾಯಿಸ್ತೀವಿ ಅಂದಿದ್ರಂತೆ ಧಾರಾವಾಹಿಯವ್ರು.”

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು; ಬೆರಿಲ್ ಐವಿಯ ಕಡೆ ತಿರುಗಿದಳು.

“ಅದಿರ್ಲಿ, ಭಾನುವಾರ ಚರ್ಚಲ್ಲಿ ನೀನ್ಯಾಕೆ ನನ್ನ ಪಕ್ಕ ಕೂರ್ಲಿಲ್ಲ?”

“ಅಂಥ ಮಗಳನ್ನ ಹೆತ್ತವಳ ಪಕ್ಕ ಹೆಂಗೆ ಕೂರೋದು ಅನ್ನಿಸ್ತು ಕಣೇ. ಆ ಮುದುಕಿ ಚಳೀಲಿ ಚಪ್ಪಲಿನೂ ಇಲ್ದೆ ನಿಂತಿದ್ಳು.”

ಬೆರಿಲ್‌ಳ ಮುಖ ಅರಳಿತು.

“ಇದನ್ನೇ ಅವಳಿಗೂ ಹೇಳ್ತೀಯಾ? ಫೋನ್ ಮಾಡ್ತೀನಿ.”

ಮೀನಿನ ಬಿಸಿ ಪೊಟ್ಟಣ ಹಿಡಿದು ಇಬ್ಬರೂ ಹೊರಟರು. ಬಾಗಿಲು ಮುಚ್ಚಿಕೊಳ್ಳುವ ಮೊದಲು ಐವಿಯ ದನಿ ಕೇಳಿಸಿತು.

“ಲೋರ್ನಾ, ನಾಚಿಕೆ ಆಗಲ್ವೇನೇ ನಿಂಗೆ?”

“ಜೋರಾಗಿ ಬೈಯೇ,” ಎನ್ನುತ್ತಿದ್ದಳು ಬೆರಿಲ್, “ಅವಳಿಗೆ ಸರಿಯಾಗಿ ಕೇಳ್ಬೇಕು.”