ಕೆಳಗ ಕುಂತ ಬೀಗತಿ

"೧೯೮೨, ಡಿಸೆಂಬರ್ ೧೧, ಶನಿವಾರ." ಓದ್ತೀನಿ, ಕೇಳ್ರಿ. "ಚಿಕ್ಕೋಡಿ ಕಾಲೇಜಿನ ಗ್ಯಾದರಿಂಗ್. ನೂರು ಮೀಟರ್ ಓಟ. ಅಕ್ಕುತಾಯಿ, ಬಿ.ಎಸ್ಸಿ. ಎರಡನೇ ವರ್ಷ, ಮೊದಲನೇ ನಂಬರ್. ಬಹುಮಾನ, ಸ್ಟೀಲಿನ ತಾಟು." ನನ್ನ ಡೈರಿ, ನನ್ನ ಕೈಬರಹಾನ ಇದು, ಬೀಗತ್ಯಾರ. ಆ ತಾಟೂ ಐತಿ ಒಳಗ. ತೋರಸ್ತೀನಿ... ಈಗಲ್ಲ, ಆಮ್ಯಾಲ. ಇಂಥಾಕಿ ಹಡದ ಮಗನ ಕಾಲಿನ ಬಗ್ಗೆ ಕೇಳಾಕ ಮಂಗಸೂಳಿಯಿಂದ ಬಸ್ಸು ಬದಲಿ ಮಾಡಿ ನಮ್ಮೂರು ಭೋಜತನಾ ಬಂದೀರಿ! ಒಂದ ಫೋನ್ ಮಾಡಿದ್ರ ಆಗ್ತಿರಲಿಲ್ಲೇನು?

ಅಲ್ಲ, ತಪ್ಪಲ್ಲ. ಹೆಣ್ಣು ಕೊಡಾವ್ರು ನೀವು. ನೀಲಮನ ಹಡದಾಕಿ ಕೇಳದ ಇನ್ಯಾರು ಕೇಳಬೇಕು? ಸಾಖರಪುಡಾದ ದಿನ, ನಿಶ್ಚಯದ ಊಟದ ಪಂಕ್ತಿ ಎದ್ದಾಗ ಎಲ್ಲಾರೂ ಟಣ್ಣಂತ ಎದ್ರು. ನಮ್ಮ ಸುರಜ ಮಾತ್ರ ಒಂದು ಕೈ ನೆಲಕ್ಕ ಊರಿ, ಆಮ್ಯಾಲ ಮೊಣಕಾಲಿಗೆ, ಆಮ್ಯಾಲ ತೊಡಿಗೆ... ತನ್ನ ಕಾಲನ್ನ ತಾನ ಏಣಿ ಮಾಡ್ಕೊಂಡು ಹತ್ತಿದ. ಅಷ್ಟ ಹೌದಲ್ಲ? ಅಷ್ಟೊಂದು ಮಂದ್ಯಾಗ ನೀವೊಬ್ಬರ ನೋಡೀರಿ. ಏನ್ ಕಣ್ಣವ್ವಾ ನಿಮ್ಮವು!

ಜಿಮ್ ರೀ, ಜಿಮ್! ಸೊಸೈಟಿ ಆಫೀಸಿನಾಗ ಕುಂತ ಕುಂತ ಬ್ಯಾಸತ್ತು, ನಿಪ್ಪಾಣ್ಯಾಗ ಒಂದು ಜಿಮ್ಮಿಗೆ ಹೊಂಟಾನ. ಹಿಂದಿನ ದಿನ ಒಮ್ಮೆಲೆ ನೂರು ಬೈಠಕ್ ಹೊಡದಾನ, ಹುಚ್ಚ! ಸ್ನಾಯು ಅಂದ್ರ ನಾರಿನ ಹುರಿ ಇದ್ದಂಗ. ರೂಢಿ ಇಲ್ಲದ ಜಗ್ಗಿದ್ರ ನಾರು ಸಣ್ಣಗ ಹರೀತಾವ. ಎರಡು ದಿನ ಕೂಡ್ರಾಕ ಆಗೂದಿಲ್ಲ, ಏಳಾಕ ಆಗೂದಿಲ್ಲ. ಆಮ್ಯಾಲ ಮೊದಲಿಗಿಂತ ದಪ್ಪಾಗಿ ಕೂಡಕೋತಾವ. ಇದು ನನ್ನ ಮಾತಲ್ಲ, ಶಾಸ್ತ್ರ.

ಯಾಕ ನಗ್ತೀರಿ? ನಗ್ರಿ, ನಗ್ರಿ. ನಗೂದೂ ಸ್ನಾಯುವಿನ ಕೆಲಸಾನ. ಬಂದಾಗಿಂದ ಈಗ ಒಮ್ಮೆ ಅಳ್ಳಾಡಿತು ನಿಮ್ಮ ಗಲ್ಲ.

ಎಲ್ಲಿ, ಒಮ್ಮೆ ಕೈ ಮಡಚ್ರಿ. ಅಯ್ಯ, ಮನ್ಯಾಗ ನಾವಿಬ್ಬರ ಅದೀವಿ, ನಾಚಕಿ ಎಂಥಾದ್ದು? ಹಾಂ. ರಟ್ಟಿ ಮುಂದಿಂದು ಗಟ್ಟಿ ಆತಲ್ಲ? ಈಗ ಚಾಚ್ರಿ. ಮುಂದಿಂದು ಸಡ್ಲ, ಹಿಂದಿಂದು ಬಿಗಿ. ಸ್ನಾಯುವಿಗೆ ಜಗ್ಗೂದೊಂದ ಗೊತ್ತು ನೋಡ್ರಿ, ದಬ್ಬೂದು ಬರೂದಿಲ್ಲ. ಅದಕ್ಕ ದೇವರು ಜೋಡಿ ಜೋಡಿ ಮಾಡ್ಯಾನ. ಒಂದು ಜಗ್ಗಿದ್ರ ಇನ್ನೊಂದು ಬಿಟ್ಟು ಕೊಡಬೇಕು. ಗಂಡಾ ಹೆಂಡತಿ ಇದ್ದಂಗ! ನಮ್ಮನಿಯಾಗ ನಾ ಜಗ್ಗಾಕಿ, ನಮ್ಮವರು ಬಿಡಾವ್ರು...

ಬಡಕೊಳ್ಳಿ ಬಿಡ್ರಿ ಫೋನು. ನಮ್ಮವರದ ಇರಬೇಕು. ತೋಟದಾಗ ಕರೆಂಟು ಬಂತು ಅಂತ ಹೇಳಾಕ ಮಾಡ್ತಾರ. ಬ್ಯಾಡ, ಬ್ಯಾಡ! ನೀವು ತಂದು ಕೊಡಬ್ಯಾಡ್ರಿ. ಬೀಗತಿ ಕೈಲೆ ಕೆಲಸ ಮಾಡಸ್ತಾರೇನು? ಟಿವಿ ಹಂತ್ಯಾಕ ಐತಿ, ಅಲ್ಲೇ ಇರ್ಲಿ... ನೋಡ್ರಿ, ತಾನ ನಿಂತಿತು.

ಚಾ? ನೀವ ಬ್ಯಾಡ ಅಂದ್ರಲ್ಲ! ಹೌದು, ಒಮ್ಮೆ ಬ್ಯಾಡ ಅಂದವರಿಗೆ ಮತ್ತೊಮ್ಮೆ ಒತ್ತಾಯ ಮಾಡಬೇಕು, ರೀತಿ ಗೊತ್ತೈತಿ ನನಗ. ಬಂದಾಗಿಂದ ಒಂದು ತಂಬಗಿ ನೀರೂ ಕೊಟ್ಟಿಲ್ಲ ಅಂತ ಮನಸಿನ್ಯಾಗ ಅನ್ಕೊಂಡಿರಬೇಕು. ಕೊಡ್ತೀನಿ. ಮಾತು ಮುಗೀಲಿ. ಶಾಸ್ತ್ರದ ಮಾತು ನಡುವ ಬಿಡಬಾರದು.

ಎಲ್ಲಿದ್ದೆ? ಹಾಂ, ಏಳೂದು. ನೆಲದಿಂದ ಏಳೂದು ನಿಮಗ ಸಣ್ಣ ಕೆಲಸ ಅನ್ನಸ್ತೈತಿ. ಅಲ್ಲ! ಮಿದುಳಿನಿಂದ ಸುದ್ದಿ ಹೊಂಟು ನರದಾಗ ಹಾದು ಬರಬೇಕು. ತೊಡಿ ಮುಂದಿನ ನಾಕು ಸ್ನಾಯು ಜಗ್ಗಿ ಮೊಣಕಾಲು ನೆಟ್ಟಗ ಮಾಡಬೇಕು. ಕುಂಡೀದು... ನಗಬ್ಯಾಡ್ರಿ, ಮೈಯಾಗ ಎಲ್ಲಾಕಿಂತ ದೊಡ್ಡ ಸ್ನಾಯು ಅದ... ಅದು ಟೊಂಕ ಎತ್ತಬೇಕು. ಮೀನಖಂಡ ಪಾದ ಹಿಡೀಬೇಕು. ಎಲ್ಲಾ ಒಮ್ಮೆಲೆ! ಒಂದು ವರ್ಷದ ಕೂಸು ಯಾರೂ ಕಲಸದ ಕಲೀತೈತಿ. ಮುಂದ ಒಂದಿನ, ಸುದ್ದಿ ಬರ್ತೈತಿ, ನರಾನೂ ತರ್ತೈತಿ, ಏಳು ಏಳು ಅಂತೈತಿ, ತೊಡಿ ಮಾತ್ರ...

ಅಂದ್ರ, ವಯಸ್ಸಾದವರಿಗೆ. ಬ್ಯಾರೆ ಮಂದಿಗೆ.

ವಾಸನಿ? ಯಾವ ವಾಸನಿ? ನನಗೇನ ಬರವೊಲ್ದು... ಅಯ್ಯ ಶಿವನ, ಹಾಲು! ಎಮ್ಮೀ ಹಾಲು ಕಾಯಾಕ ಇಟ್ಟಿದ್ದೆ! ನೀವ ಕೂಡ್ರಿ, ನಾ ಏಳ್ತೀನಿ, ನಾ... ಹ್ವಾದ್ರ್ಯಾ? ಬಲಗಡೆ ಒಲಿ ರೀ! ಬಟನ್ ಹೊರಳಸ್ರಿ! ಕೈ ಸುಟ್ಕೊಂಡೀರಿ, ಸೆರಗಿಲೆ ಹಿಡೀರಿ!

ಏಳ... ಏಳಬೇ... ಇದೊಂದು ಸಲ ಏಳು...

ಹಾಂ? ಏನಿಲ್ರೀ! ಬೆಕ್ಕಿಗೆ ಅಂದೆ. ಇಲ್ಲೇ ಮಕ್ಕೊಂಡಿತ್ತು. ಎಲ್ಲೈತಿ ಅಂದ್ರ? ಹೋತು. ಬೆಕ್ಕಲ್ಲೇನು, ಹೋಗ್ತೈತಿ.

ಪೂರಾ ಹೊತ್ತೇತಿ? ಇರ್ಲಿ. ಪಾತೇಲಿ ತೊಳೀಬ್ಯಾಡ್ರಿ, ಬರ್ರಿ. ಮೊದಲನೇ ಸಲ ಮನಿಗೆ ಒಬ್ಬರ ಬಂದೀರಿ, ನಿಮ್ಮ ಕೈಲೆ ನನ್ನ ಒಲಿ ಆರಿಸಿದಂಗಾತು. ಎಷ್ಟು ಕೆಟ್ಟನಸ್ತೈತಿ ಗೊತ್ತೇನು? ಕೂಡ್ರಿ. ಯಾಕ ನಿಂತ್ರಿ?

ಹೊಂಟ್ರ್ಯಾ? ಇಷ್ಟು ಲಗೂ? ಚಿಕ್ಕೋಡಿ ಬಸ್ಸು ಒಂದ ಐತೇನು, ಮತ್ತೊಂದು ಬರ್ತೈತಿ. ನಮ್ಮವರು ಬರೂತನಕ ನಿಲ್ಲ್ರಿ. ಇಲ್ಲಾ? ಹಂಗಾರ... ಒಂದು ನಿಮಿಷ, ಉಡಿ ತುಂಬಿಸ್ಕೊಂಡು ಹೋಗ್ರಿ.

...ಏನಂದೆ ನಾ?

ಉಡಿ ಅಂದೆ. ಬಾಯಾಗ ಬಂದುಬಿಟ್ಟಿತು. ಮುತ್ತೈದಿ ಮನಿಗೆ ಬಂದ್ರ ಅದೊಂದು ಮಾತು ತಾನಾಗೇ ಬರ್ತೈತಿ. ನಾಲಗಿನೂ ಸ್ನಾಯೂನ ಅಲ್ರೀ? ಅದೊಂದಕ್ಕ ನಮ್ಮ ಮನಿತನದಾಗ ಏನೂ ಆಗಿಲ್ಲ...

ಯಾಕ ಹಂಗ ನೋಡ್ತೀರಿ? ಏನೂ ಅಂದಿಲ್ಲ ನಾ.

ಆಗಲೇ ಸೆರಗು ಒಡ್ಡಿ ನಿಂತ್ರಲ್ಲ! ಅಕ್ಕಿ, ಕಾಯಿ, ಖಣ ಎಲ್ಲಾ ದೇವರ ಜಗಲಿ ಮ್ಯಾಲ ಐತಿ. ನೀವ ತಗೊಂಡು... ಅಲ್ಲಲ್ಲ. ತನ್ನ ಉಡಿ ತಾನ ತುಂಬಕೊಂಡಾಕಿ ಯಾರದಾರ ಜಗತ್ತಿನ್ಯಾಗ? ನಾನ ಏಳಬೇಕು. ನಾನ ತರಬೇಕು. ಏಳ್ತೀನಿ. ಕಾಲಿಗೆ ಜೋಮು ಹಿಡದೈತಿ, ಇಳೀಲಿ.



ಸೋನಾಬಾಯಿ... ಇಷ್ಟು ದೊಡ್ಡ ಸೋಫಾ ಇತ್ತು. ನಾ ಅದರ ಮ್ಯಾಲ ಕುಂತಿದ್ದೆ, ನೀವು ಬಂದವರ ಸೀದಾ ಜಮಖಾನದ ಮ್ಯಾಲ ಕುಂತ್ರಿ. "ನಮಗ ನೆಲಾನ ಬೇಸ್" ಅಂದ್ರಿ. ಬೀಗತಿ ಕೆಳಗ ಕುಂತ ಮ್ಯಾಲ ನಾ ಮ್ಯಾಲ ಕೂಡ್ರಾಕ ಬರ್ತೈತೇನು? ಇಳದೆ.

ಬೇಕಂತಲೇ ಕುಂತ್ರಿ? ನನ್ನ ಕೆಳಗ ಇಳಸಾಕ ಕುಂತ್ರಿ?

ಇಲ್ಲ ಅಂತಾದ್ರೂ ಅನ್ರಿ.

...ಆತು. ಕೈ ಕೊಡಬ್ಯಾಡ್ರಿ, ಹಿಂದಕ್ಕ ಸರೀರಿ. ನೋಡಾಕ ಬಂದೀರಿ, ನೋಡ್ರಿ. ಮೊದಲು ಹಿಂಗ ಮಗ್ಗಲಾಗಬೇಕು... ಅಂಗೈ ಎರಡೂ ನೆಲಕ್ಕ... ಟೊಂಕ ಮ್ಯಾಲ... ತಡೀರಿ... ಒಂದು ಕೈ ಮೊಣಕಾಲಿಗೆ... ಹಾಂ... ಇನ್ನೊಂದು... ಇನ್ನ ತೊಡಿ... ಅಯ್ಯವ್ವಾ... ಎದ್ದೆ.

ಹೌದು. ಸುರಜನಂಗನ.

ನಮ್ಮವ್ವ ಕಂಬ ಹಿಡದು ಏಳ್ತಿದ್ಲು. ವಾತ ಅಂತಿದ್ರು ಮಂದಿ. ನನಗ ನಲವತ್ತು ದಾಟಿದ ಮ್ಯಾಲ ಸುರು ಆತು. ಅವಂಗ ಇಪ್ಪತ್ತೆಂಟಕ್ಕ. ಎಮ್ಮಿ ಈದದ್ದು, ಮಳಿ ಬಿದ್ದದ್ದು ಎಲ್ಲಾ ಬರದಾಕಿ ನಾ, ಇದೊಂದನ್ನ ಎಲ್ಲೂ ಬರದಿಲ್ಲ. ಹ್ವಾದ ದೀಪಾವಳಿಗೆ ಬೆಳಗಾವಿ ಡಾಕ್ಟರು ನನ್ನ ರಕ್ತ ತಪಾಸ ಮಾಡಿ ಹೇಳಿದ್ರು, ಇದು ಸ್ನಾಯು ಸವೆಯೂ ರೋಗ, ತಾಯಿಂದ ಮಕ್ಕಳಿಗೆ ಬರ್ತೈತಿ, ಮಗನ್ನ ಕರಕೊಂಡ ಬರ್ರಿ ಅಂತ. ಕರಕೊಂಡ ಹೋಗಿಲ್ಲ. ಅವಂಗ ಏನೂ ಗೊತ್ತಿಲ್ಲ. ಅವ್ವಾ, ಪಾವಟಿಗಿ ಹತ್ತುವಾಗ ಕಾಲು ಭಾರ ಆಗ್ತಾವ ಅಂದ. ಕುಂತ ಕುಂತ ಜಡ್ಡುಗಟ್ಟ್ಯಾವ, ಜಿಮ್ಮಿಗೆ ಹೋಗು ಅಂತ ನಾನ ಕಳಿಸಿದೆ. ಅಂಥಾ ಕಾಲಿಗೆ ನೂರು ಬೈಠಕ್. ಹರದ ನಾರು ಕೂಡಕೋತಾವ ಅಂದೆನಲ್ಲ, ನಮ್ಮವು ಕೂಡಕೊಳ್ಳೂದಿಲ್ಲ.

ಬೈಯ್ರಿ. ಬೈದು ಹಗುರಾಗ್ರಿ.

ನಿಲ್ಲ್ರಿ, ಎದ್ದ ಮ್ಯಾಲ ನಡ್ಯಾಕ ಬರ್ತೈತಿ ನನಗ, ಕಾಯಿ ತರ್ತೀನಿ... ಸೆರಗು? ಸೆರಗು ಯಾಕ ಟೊಂಕಕ್ಕ ಸಿಗಸ್ಕೊಂಡ್ರಿ, ಬೀಗತ್ಯಾರ?

...ತಿಳೀತು. ಹೋಗ್ರಿ. ಬಾಗಲಾ ಮುಂದ ಮಾಡಿಕೊಂಡ ಹೋಗ್ರಿ.

ಇವತ್ತಿನ ತಾರೀಖು ಹಾಕಿ ಬರೀತೀನಿ. ಪಾತೇಲಿ ತುಂಬ ಹಾಲು ಹೊತ್ತಿತು. ಸುರಜನ ಲಗ್ನ ಮುರೀತು. ಬೀಗತಿ ಬರೀ ಉಡೀಲೆ ಹ್ವಾದ್ಲು. ಸಂಜೀ ಬಸ್ಸಿಗೆ ಅವ ಬರ್ತಾನ, ಯಾಕ ಮುರೀತು ಅಂತ ನಾನ ಅವಂಗ ಹೇಳಬೇಕು. ಕೇಳಿ ಅವ ನನಗ ಏನಂದ ಅನ್ನೂದನ್ನ ಮಾತ್ರ ಬರಿಯೂದಿಲ್ಲ.