ವೀರಭದ್ರಮ್ಮನ ಮೂರ್ಛೆ, ಜಿಲಾನಿಸಾಬರ ಅನುಮಾನ

ಮಸ್ಕಿಯ ಹಿರಿಯರೇ, ತಾಯಂದಿರೇ, ಮುಂದೆ ಕುಳಿತಿರುವ ಶಂಶಾದ್‌ಬೀ ಅವರೇ — ನಿಮ್ಮ ಯಜಮಾನರ ದವಾಖಾನೆಯಲ್ಲಿ ನರ್ಸ್ ಆಗಿ ದುಡಿದವಳು ನಾನು, ಪಾರ್ವತೆಮ್ಮ. ಡಾಕ್ಟರ್ ಜಿಲಾನಿಸಾಬರು ಇನ್ನಿಲ್ಲ ಎನ್ನಲು ನಾಲಿಗೆ ಏಳುತ್ತಿಲ್ಲ. ಅದಕ್ಕೇ ಅವರು ಇದ್ದಾಗಿನ ಒಂದು ಸಂಗತಿ ಹೇಳುತ್ತೇನೆ.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ. ಆ ದಿನಗಳು ನಿಮಗೆ ಗೊತ್ತು. ಯಾರು ಯಾರ ಮನೆಗೆ ಹೋದರು, ಯಾಕೆ ಹೋದರು — ಎಲ್ಲದರ ಮೇಲೂ ಕಣ್ಣು. ಅಂಥದರಲ್ಲಿ ವೀರಭದ್ರಮ್ಮನಿಗೆ ಮೂರ್ಛೆ ಶುರುವಾಯಿತು. ಹಸುಗೂಸಿನ ತಾಯಿ. ಕೈಕಾಲು ಸೆಟೆದು, ಹಲ್ಲು ಕಚ್ಚಿ ಬೀಳುತ್ತಿದ್ದಳು. ಪಕ್ಕದ ಮನೆಯ ಲಾಲ್‌ಬೀ ಬಾಣಂತಿಗೆಂದು ದಿನಾ ಹಾಲು ಕೊಡುತ್ತಿದ್ದಳು. ಹಾಲಿನಲ್ಲಿ ವಿಷ ಇದೆ ಎಂದ ವೀರಭದ್ರಮ್ಮನ ಭಾವ, ಗಂಡನ ಅಣ್ಣ ದೊಡ್ಡಬಸಪ್ಪ. ಊರು ಹೌದೆಂದಿತು. ಲಿಂಗಸುಗೂರಿನಿಂದ ಪೊಲೀಸರನ್ನು ಕರೆಸುವ ಮಾತೂ ಆಯಿತು.

ಡಾಕ್ಟರು ಮೂರ್ಛೆರೋಗದ ಔಷಧಿ ಕೊಟ್ಟು ನೋಡಿದರು. ನಿಲ್ಲಲಿಲ್ಲ. ಆಗ ಅವರಿಗೆ ರೋಗದ ಹೆಸರಿನ ಮೇಲೇ ಅನುಮಾನ ಬಂತು. ನನ್ನನ್ನು ಕರೆದುಕೊಂಡು ಆಕೆಯ ಮನೆಗೆ ಹೋಗಿ, ಬೀಳುವ ಮೊದಲು ಏನಾಗುತ್ತದೆ ಎಂದು ಕೇಳಿದರು. ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಇರುವೆ ಹರಿದಂತಾಗುತ್ತದೆ ಎಂದಳು. ಸೆರಗು ತುಸು ಸರಿಸಲು ನನಗೆ ಹೇಳಿದರು. ಸರಿಸಿದೆ. ಕುತ್ತಿಗೆಗೆ ಅಡ್ಡಲಾಗಿ — ಇಲ್ಲಿ, ಹೀಗೆ — ಹಳೆಯ ಹೊಲಿಗೆಯ ಗುರುತು. ಮದುವೆಗೆ ಮೊದಲು ಹೈದರಾಬಾದಿನಲ್ಲಿ ಗಂಟಲ ಗಡ್ಡೆ ತೆಗೆಸಿದ್ದನ್ನು ತವರಿನವರು ಮುಚ್ಚಿಟ್ಟಿದ್ದರು. ಗಂಡನಿಗೆ ಗೊತ್ತಿತ್ತು, ಅವನೂ ಬಾಯಿ ಬಿಟ್ಟಿರಲಿಲ್ಲ.

ಆ ಗಡ್ಡೆಯ ಹಿಂದೆ ಕಾಳಿನಷ್ಟು ಸಣ್ಣ ಗ್ರಂಥಿಗಳಿರುತ್ತವೆ, ಅವಕ್ಕೆ ಪೆಟ್ಟಾದರೆ ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇಳಿಯುತ್ತದೆ, ಕೂಸಿಗೆ ಹಾಲೂಡಿಸುವಾಗ ಇನ್ನೂ ಇಳಿಯುತ್ತದೆ, ಅದರಿಂದಲೇ ಈಗ ಮೂರ್ಛೆ ಎಂದರು ಡಾಕ್ಟರು. ದೊಡ್ಡಬಸಪ್ಪ ಅವರನ್ನೇ ದಿಟ್ಟಿಸಿದ.

"ಲಾಲ್‌ಬೀ ನಿಮ್ಮ ಮಂದಿಯಾಕಿ. ಆಕೀನ ಉಳಸಾಕ ಹಿಂಗ ಹೇಳಾಕತ್ತೀರಿ."

ಡಾಕ್ಟರು ಸಿಟ್ಟಾಗಲಿಲ್ಲ. ರಕ್ತದೊತ್ತಡ ನೋಡುವ ಪಟ್ಟಿಯನ್ನು ವೀರಭದ್ರಮ್ಮನ ತೋಳಿಗೆ ಕಟ್ಟಿ, ಬಿಗಿಯಾಗಿ ಗಾಳಿ ತುಂಬಿ ಕಾದರು. ನೋಡನೋಡುತ್ತ ಆಕೆಯ ಮಣಿಕಟ್ಟು ಬಾಗಿತು, ಹೆಬ್ಬೆರಳು ಒಳಗೆ ಸೇರಿತು — ಹೀಗೆ — ಬೆರಳೆಲ್ಲ ಕೊಕ್ಕಿನ ಹಾಗೆ ಕೂಡಿಕೊಂಡವು. ಇದು ಯಂತ್ರದ ಆಟ ಎಂದ ದೊಡ್ಡಬಸಪ್ಪ. ಡಾಕ್ಟರು ಪಟ್ಟಿ ಬಿಚ್ಚಿ ಅವನ ತೋಳಿಗೇ ಕಟ್ಟಿದರು. ಅಷ್ಟೇ ಬಿಗಿ, ಅಷ್ಟೇ ಹೊತ್ತು. ಕೈ ಜೋಮು ಹಿಡಿಯಿತು; ಬೆರಳು ಬಾಗಲಿಲ್ಲ. ಅವನು ತನ್ನ ಕೈಯನ್ನೇ ನೋಡುತ್ತ ಕುಳಿತ.

ಆದರೂ ಇಂಜೆಕ್ಷನ್ನಿಗೆ ಮನೆಯವರು ಒಪ್ಪಲಿಲ್ಲ. ಆ ಸೀಸೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು ಎಂದರು. ಆಗ ವೀರಭದ್ರಮ್ಮ ತಾನೇ ತೋಳು ಚಾಚಿದಳು.

"ಹಾಕ್ರಿ ಸಾಬ್ರ. ಕೂಸು ಅಳಾಕತ್ತೈತಿ."

ಒಂದು ಕೈ ನಾಡಿಯ ಮೇಲಿಟ್ಟು, ಕ್ಯಾಲ್ಸಿಯಂ ಅನ್ನು ನಿಧಾನವಾಗಿ — ಬಹಳ ನಿಧಾನವಾಗಿ — ರಕ್ತನಾಳಕ್ಕೆ ಬಿಟ್ಟರು. ಬಾಯಿ ಸುತ್ತಲಿನ ಜುಮ್ಮು ಇಳಿಯಿತು ಎಂದಳು. ಮತ್ತೆ ಪಟ್ಟಿ ಕಟ್ಟಿದಾಗ ಬೆರಳು ಬಾಗಲಿಲ್ಲ. ಆಮೇಲೆ ಗುಳಿಗೆ ನುಂಗುತ್ತ ಹೋದಳು, ಮೂರ್ಛೆ ನಿಂತಿತು. ಪೊಲೀಸರು ಬರಲಿಲ್ಲ.

ಇಷ್ಟಾದ ಮೇಲೂ ಆ ಮನೆ ಲಾಲ್‌ಬೀಯ ಹಾಲನ್ನು ಮತ್ತೆ ತೆಗೆದುಕೊಳ್ಳಲಿಲ್ಲ. ಆಕೆ ಮುದಗಲ್ಲಿಗೆ, ಅಕ್ಕನ ಮನೆಗೆ ಹೊರಟುಹೋದಳು. ಹಾಲಿನ ವಿಷವನ್ನು ಡಾಕ್ಟರು ಆ ಇಂಜೆಕ್ಷನ್ನಿನಿಂದಲೇ ಇಳಿಸಿ, ತಮ್ಮ ಮಂದಿಯವಳನ್ನು ಕಾಪಾಡಿದರು ಎನ್ನುವವರು ಇಂದಿಗೂ ಇದ್ದಾರೆ. ಈ ಸಭೆಯಲ್ಲೂ ಇರಬಹುದು.

ಹೀಗೆಲ್ಲ ಅನ್ನುವವರ ಮನೆಗೆ ಕರೆದಾಗಲೆಲ್ಲ ಯಾಕೆ ಹೋಗುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. ಪೆಟ್ಟಿಗೆ ಮುಚ್ಚುತ್ತ ಅಂದರು — "ಅನುಮಾನ ಇರಲಿ ಬಿಡ್ರಿ, ಪಾರ್ವತೆಮ್ಮ. ಬಾಗಿಲಾ ತಗದ್ರ ಸಾಕು, ನಾ ಒಳಗ ಹೋಗ್ತೀನಿ."

ಅವರು ನಿಮ್ಮೆಲ್ಲರ ಮನೆಯೊಳಗೂ ಬಂದು ಹೋದವರು. ನಂಬಿದವರು, ನಂಬದವರು — ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅವರಿಗಾಗಿ ಸ್ವಲ್ಪ ಹೊತ್ತು ಮಾತಿಲ್ಲದೆ ಇರೋಣ.